ಕುಂಕುಮ ಹಚ್ಚಿದ ನಟ್ಟು

ನಾನು ಒಂದು ಮಾತು ಹೇಳಬೇಕಾಗಿತ್ತು, ಹೇಳಲಿಲ್ಲ. ತಮ್ಮನ ಕಾರಿನ ಮುಂದಿನ ಎಡಗಾಲಿಯ ನಟ್ಟುಗಳು ಸಡಿಲವಾಗಿವೆ ಎನ್ನುವುದಷ್ಟೇ ಆ ಮಾತು. ಅದು ನನಗೆ ಗೊತ್ತಿತ್ತು. ಗಾಲಿಯ ನಟ್ಟು ಸಡಿಲವಿದ್ದರೆ ಏನಾಗುತ್ತದೆ ಎನ್ನುವುದೂ ಗೊತ್ತಿತ್ತು, ಏಕೆಂದರೆ ನಾನು ಟಂಟಂ ಓಡಿಸುವವನು. ವಿಜಯಪುರದಿಂದ ಬಬಲೇಶ್ವರಕ್ಕೆ, ಬಬಲೇಶ್ವರದಿಂದ ವಿಜಯಪುರಕ್ಕೆ ಮೂರು ಗಾಲಿಯ ಮೇಲೆ ಮಂದಿಯನ್ನು ಸಾಗಿಸುವುದೇ ನನ್ನ ಹೊಟ್ಟೆಪಾಡು. ಗೊತ್ತಿರಲಿಲ್ಲ ಎಂದು ತಪ್ಪಿಸಿಕೊಳ್ಳಲು ನನಗೆ ದಾರಿಯಿಲ್ಲ.

ಐದನೆಯ ಇಯತ್ತೆಗೆ ಸಾಲಿ ಬಿಟ್ಟವನು ನಾನು. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಇದನ್ನು ಬರೆದ ಮೇಲೆ ಮಗಳು ಓದಿ ಕಾಗುಣಿತ ತಿದ್ದಿದ್ದಾಳೆ. ಮಾತು ತಿದ್ದಿಲ್ಲ.

ತಮ್ಮ ನನಗಿಂತ ಬಹಳ ಚಿಕ್ಕವನು. ಐಟಿಐ ಮುಗಿಸಿ ಬಬಲೇಶ್ವರದಲ್ಲಿ ರೈತರ ಪಂಪಿನ ಮೋಟಾರು ರಿಪೇರಿ ಮಾಡುವ ಅಂಗಡಿ ಇಟ್ಟಿದ್ದಾನೆ. ವಿಜಯಪುರದ ಇಬ್ರಾಹಿಂಪುರದಲ್ಲಿ ನಾವೆಲ್ಲ ಒಂದೇ ಮನೆಯಲ್ಲಿದ್ದೇವೆ: ಅಪ್ಪ, ಅವ್ವ, ನಾನು, ಹೆಂಡತಿ, ಮಗಳು, ಮತ್ತು ಲಗ್ನವಾಗದ ತಮ್ಮ. ಅವನು ಒಮ್ಮೆ ತಿಕೋಟಾದಲ್ಲಿ ದ್ರಾಕ್ಷಿ ತೋಟದ ಮಾಲಕರೊಬ್ಬರ ಮೋಟಾರು ನೋಡಲು ಹೋಗಿದ್ದ. ಒಣದ್ರಾಕ್ಷಿ ಮಾಡುವ ಶೆಡ್ಡಿನ ಮೂಲೆಯಲ್ಲಿ, ಹಳೆಯ ಟ್ರೇಗಳ ರಾಶಿಯ ಕೆಳಗೆ, ಒಂದು ಹಳೆಯ ಸ್ಪೋರ್ಟ್ಸ್ ಕಾರು ಕಂಡಿತು. ಎರಡೇ ಬಾಗಿಲು, ಎರಡೇ ಸೀಟು, ಉದ್ದ ಮೂಗು, ನೆಲಕ್ಕೆ ಹೊಟ್ಟೆ ತಾಗುವಷ್ಟು ಗಿಡ್ಡ. ಮಾಲಕರ ತಂದೆ ಪ್ರಾಯದಲ್ಲಿದ್ದಾಗ ಮುಂಬೈಯಿಂದ ತಂದದ್ದಂತೆ. ಇವನು ಅದನ್ನೇ ನೋಡುತ್ತ ನಿಂತದ್ದು ಕಂಡು ಮಾಲಕರು, "ಒಯ್ಯೋ ಮಾರಾಯಾ. ಇಲ್ಲಿ ಇಲಿ ಬಾಣಂತನ ಮಾಡಾಕತ್ತಾವ" ಎಂದರಂತೆ. ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಹೇರಿಕೊಂಡು ತಂದ.

ಅಂದು ಎಲ್ಲರಿಗಿಂತ ಹೆಚ್ಚು ನಕ್ಕವನು ನಾನು. "ಇದರಾಗ ಕೋಳಿ ಸಾಕೋ ತಮ್ಮಾ" ಎಂದೆ. ನನ್ನ ಹೆಂಡತಿ ಬಾಗಿಲಲ್ಲಿ ನಿಂತು, "ಮೈದುನಂಗ ಹೆಣ್ಣ ನೋಡೂದ ಬಿಡ್ರಿ, ಸಿಕ್ಕಳ ನೋಡ್ರಿ" ಎಂದಳು. ನಗುವಷ್ಟು ದಿನ ನನ್ನ ಹೊಟ್ಟೆ ತಣ್ಣಗೇ ಇತ್ತು.

ಮೊದಲು ಹೋದದ್ದು ನನ್ನ ನೆರಳು. ಅಂಗಳದಲ್ಲಿ ಒಂದೇ ತಗಡಿನ ಶೆಡ್ಡು, ಅದರಡಿ ನನ್ನ ಟಂಟಂ ನಿಲ್ಲುತ್ತಿತ್ತು. ಬಿಚ್ಚಿದ ಎಂಜಿನ್ನಿಗೆ ಧೂಳು ಆಗುವುದಿಲ್ಲವೆಂದು ಅಪ್ಪ ಕಾರನ್ನು ಅಲ್ಲಿಗೆ ನೂಕಿಸಿದ. ಟಂಟಂ ರಸ್ತೆಗೆ ಬಂತು. ನಮ್ಮ ಊರಿನ ಬಿಸಿಲು ಗೊತ್ತಲ್ಲ. ಮಧ್ಯಾಹ್ನ ಸೀಟಿನ ಮೇಲೆ ಕೂತವರು ಹಾರಿ ಏಳುತ್ತಿದ್ದರು. "ಏನೋ, ಹಂಚಿನ ಮ್ಯಾಲ ಕೂಡಸಾಕತ್ತಿ? ರೊಟ್ಟಿ ಬಡದೀಯೇನ ನಮ್ದು?" ಎಂದು ಬೈಯುತ್ತಿದ್ದರು. ಅವರೊಂದಿಗೆ ನಗುತ್ತಿದ್ದೆ. ಮನೆಗೆ ಬಂದರೆ ನೆರಳಲ್ಲಿ ಆ ಕಾರು ಮಹಾರಾಜನ ಹಾಗೆ ಮಲಗಿರುತ್ತಿತ್ತು.

ತಮ್ಮನ ಕೆಲಸ ನಿಧಾನ. ಅಂಗಡಿಯಿಂದ ಬಂದು ಉಂಡು ಕೂತನೆಂದರೆ ಕಾರೇ. ಕಾರ್ಬರೇಟರ್ ಬಿಚ್ಚಿ ಅವ್ವನ ಊಟದ ತಾಟಿನಲ್ಲಿ ಪೆಟ್ರೋಲು ಹಾಕಿ ತೊಳೆಯುತ್ತಿದ್ದ. ಅವ್ವ, "ನನ್ನ ತಾಟಿನ್ಯಾಗ ಇನ್ನ ಯಾರ ಉಣಬೇಕೋ ಭಾಡ್ಯಾ" ಎಂದು ಬೈದು, ಮರುದಿನ ಇನ್ನೊಂದು ತಾಟು ಕೊಡುತ್ತಿದ್ದಳು. ಎಂಜಿನ್ನಿನ ನಡುವೆ ಕೂಡುವ ಗ್ಯಾಸ್ಕೆಟ್ ಎಲ್ಲಿಯೂ ಸಿಗಲಿಲ್ಲ. ದಪ್ಪ ಹಾಳೆಯನ್ನು ಎಂಜಿನ್ನಿನ ಕಬ್ಬಿಣದ ಮೇಲೆ ಇಟ್ಟು ಸಣ್ಣ ಸುತ್ತಿಗೆಯಿಂದ ಅಂಚಿನುದ್ದಕ್ಕೂ ಕುಟ್ಟಿ ಕುಟ್ಟಿ ತಾನೇ ಕತ್ತರಿಸಿದ. ಮೊದಲನೆಯದು ಹರಿಯಿತು, ಎರಡನೆಯದೂ ಹರಿಯಿತು. ಬೇಸರವಿಲ್ಲದೆ ಮತ್ತೆ ಕೂತ. ಆ ಬೇಸರವಿಲ್ಲದಿರುವುದೇ ನನ್ನನ್ನು ಸುಡುತ್ತಿತ್ತು. ಅಷ್ಟು ತಾಳ್ಮೆ ನನಗಿದ್ದರೆ ಸಾಲಿ ಬಿಡುತ್ತಿದ್ದೆನೆ?

ಅಪ್ಪ ಮೊದಲು ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದವನು. ಕಾರು ಬಂದ ಮೇಲೆ ತಾನು ಮಲಗುವ ಹೊರಸನ್ನು ಶೆಡ್ಡಿನ ಬಾಯಿಗೆ ಎಳೆದುಕೊಂಡ. ಎಂಜಿನ್ನು ಚಾಲೂ ಆದ ದಿನ ಅವನು ಎದ್ದು ಹೋಗಿ, ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಕೆಯನ್ನು ಕಿವಿಗೆ ಹಚ್ಚಿ, ಕಣ್ಣು ಮುಚ್ಚಿಕೊಂಡು ಕೇಳಿದ.

"ಮೂರನೇ ಸಿಲಿಂಡರ್ ಕೆಮ್ಮಾಕತ್ತೈತಿ ಮಗಾ."

"ಹೌದಾ ಯಪ್ಪಾ? ನನಗ ಕೇಳಸವಲ್ದು."

"ಬಾ ಇಲ್ಲಿ. ಕಿವಿ ಕೊಡು."

ಇಬ್ಬರ ತಲೆಗಳೂ ಆ ಉದ್ದ ಮೂಗಿನ ಮೇಲೆ ಕೂಡಿದ್ದವು. ನಾನು ಕೈಯಲ್ಲಿ ಚಹಾದ ಕಪ್ಪು ಹಿಡಿದು ಹೊರಗೆ ನಿಂತಿದ್ದೆ. ನನ್ನ ಟಂಟಂ ಹಿಂದೊಮ್ಮೆ ಕಟಕಟ ಎನ್ನುತ್ತಿದ್ದಾಗ ಅಪ್ಪ ಹೊರಸಿನ ಮೇಲಿಂದಲೇ, "ಶೋರೂಮಿಗೆ ಒಯ್ದ ತೋರಸಪಾ" ಎಂದಿದ್ದ. ಅದಕ್ಕೆ ಅವನು ಕಿವಿ ಹಚ್ಚಿ ಕೇಳಿರಲಿಲ್ಲ. ಆ ಸಂಜೆ ಚಹಾ ನನಗೆ ಕಹಿಯಾಗಿತ್ತು. ಸಕ್ಕರೆ ಹಾಕಿಲ್ಲವೆಂದು ಹೆಂಡತಿಯ ಮೇಲೆ ಹರಿಹಾಯ್ದೆ. ಅವಳು ಹಾಕಿದ್ದಳು.

ಕಾರು ಕೆಂಪು ಬಣ್ಣ ಹಚ್ಚಿಕೊಂಡ ಮೇಲೆ ಓಣಿಯ ಹುಡುಗರು ಅದಕ್ಕೆ ಒರಗಿ ಫೋಟೋ ತೆಗೆಸಿಕೊಳ್ಳುವುದು ಶುರುವಾಯಿತು. ನನ್ನ ಮಗಳೂ ಸಾಲಿಯಿಂದ ಬಂದವಳೇ ಕಾಕಾನ ಕಾರಿನಲ್ಲಿ ಕೂಡುತ್ತಿದ್ದಳು. ಇಷ್ಟೆಲ್ಲ ನುಂಗಿಕೊಂಡೆ. ನುಂಗಲಾಗದ್ದು ದಸರೆಯಲ್ಲಿ ಬಂತು.

ಪ್ರತಿ ವರ್ಷ ಬನ್ನಿಯ ದಿನ ಅಪ್ಪನನ್ನು ತಿಕೋಟಾಕ್ಕೆ, ಅವನ ಅಕ್ಕನ ಮನೆಗೆ, ಕರೆದೊಯ್ಯುವವನು ನಾನು. ಬೆಳಿಗ್ಗೆ ಹೋಗಿ, ಅಲ್ಲಿ ಉಂಡು, ಸಂಜೆ ಬನ್ನಿ ಕೊಟ್ಟು ತಗೊಂಡು, ಬಂಗಾರದಂಗ ಇರೋಣ ಎಂದು ಹೇಳಿ ಬರುವುದು. ದಾರಿಯುದ್ದಕ್ಕೂ ಅಪ್ಪ ನನ್ನ ಪಕ್ಕದಲ್ಲಿ ಕೂತು ತನ್ನ ಹುಡುಗತನದ ಕಥೆ ಹೇಳುತ್ತಿದ್ದ. ವರ್ಷಕ್ಕೆ ಆ ಒಂದು ದಿನ ಅಪ್ಪ ನನ್ನವನಾಗಿರುತ್ತಿದ್ದ. ಆ ವರ್ಷ ಊಟಕ್ಕೆ ಕೂತಾಗ ಅವನು ತಮ್ಮನಿಗೆ ಹೇಳಿದ: "ಈ ಸರ್ತಿ ತಿಕೋಟಾಕ್ಕ ನಿನ್ನ ಗಾಡ್ಯಾಗ ಹೋಗೂಣು. ಅಕ್ಕ ನೋಡ್ಲಿ, ನನ್ನ ಮಗ ಏನ ಮಾಡ್ಯಾನಂತ."

ನನ್ನ ಮಗ ಎಂದ. ನಾನು ಎದುರಿಗೇ ಕೂತಿದ್ದೆ. ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡೆ.

ಬನ್ನಿಯ ಹಿಂದಿನ ದಿನ ಖಂಡೇಪೂಜೆ. ನಮ್ಮ ಮನೆಯಲ್ಲಿ ಅಂದು ಗಾಡಿಗಳನ್ನೂ ನಟ್ಟು ಬಿಗಿಯುವ ಪಾನಾ, ಸುತ್ತಿಗೆ, ಇಕ್ಕಳಗಳನ್ನೂ ತೊಳೆದು ಪೂಜೆಗೆ ಇಡುತ್ತೇವೆ. ಇಟ್ಟ ಮೇಲೆ ಮರುದಿನ ಬನ್ನಿ ಮುಡಿಯುವವರೆಗೆ ಗಾಡಿ ಬಿಟ್ಟು ಉಳಿದ ಸಾಮಾನನ್ನು ಯಾರೂ ಮುಟ್ಟುವಂತಿಲ್ಲ. ಅವು ದುಡಿದು ದಣಿದಿರುತ್ತವೆ, ಒಂದು ದಿನ ಮಲಗಲಿ ಎನ್ನುತ್ತಾಳೆ ಅವ್ವ. ಅಂದು ಬೆಳಿಗ್ಗೆ ತಮ್ಮ ಬ್ರೇಕಿನ ಕೆಲಸ ಮುಗಿಸುತ್ತಿದ್ದ. ಮೂರು ಗಾಲಿ ಬಿಗಿಯಾಗಿದ್ದವು. ನಾಲ್ಕನೆಯದನ್ನು ಜಾಕಿನ ಮೇಲಿದ್ದಾಗಲೇ ತೊಡಿಸಿ, ನಟ್ಟುಗಳನ್ನು ಕೈಯಿಂದ ತಿರುಗಿಸಿ ಹಾಕಿದ್ದ. ಗಾಲಿ ನೆಲಕ್ಕೆ ಇಳಿದ ಮೇಲೆ ಪಾನಾ ಹಾಕಿ ಬಿಗಿ ಮಾಡಬೇಕು. ಅಷ್ಟರಲ್ಲಿ ಅವ್ವ ಕೂಗಿದಳು.

"ಏ ಸಾಕ ಬಿಡೋ! ಪೂಜಾದ ಹೊತ್ತ ಮೀರಾಕತ್ತೈತಿ. ಪಾನಾ ತೊಳದ ಕೊಡು."

"ಬಂದ್ನ್ಯವಾ."

ಗಡಿಬಿಡಿಯಲ್ಲಿ ಜಾಕು ಇಳಿಸಿದ, ಸಾಮಾನು ತೊಳೆದ, ಜಳಕಕ್ಕೆ ಓಡಿದ. ನಾಲ್ಕನೆಯ ಗಾಲಿ ಅವನ ತಲೆಯಿಂದ ಹೋಗಿಬಿಟ್ಟಿತು.

ಗಾಡಿಗಳಿಗೆ ವಿಭೂತಿ ಕುಂಕುಮ ಹಚ್ಚುವವನು ಮನೆಯ ಹಿರಿಮಗ. ಮೊದಲು ನನ್ನ ಟಂಟಂಗೆ ಹಚ್ಚಿದೆ. ಆಮೇಲೆ ಅವ್ವ, "ಅದಕ್ಕೂ ಹಚ್ಚಪಾ, ಗಾಲಿಗೊಳಿಗೆಲ್ಲಾ" ಎಂದಳು. ಕುಕ್ಕರಗಾಲಿನಲ್ಲಿ ಕೂತು ಒಂದೊಂದು ನಟ್ಟಿಗೂ ಕುಂಕುಮದ ಬೊಟ್ಟು ಇಡುತ್ತ ಬಂದೆ. ಮುಂದಿನ ಎಡಗಾಲಿಗೆ ಬಂದಾಗ ಉಂಗುರದ ಬೆರಳ ಕೆಳಗೆ ನಟ್ಟು ತಿರುಗಿತು. ಪಕ್ಕದ್ದನ್ನು ಮುಟ್ಟಿದೆ. ಅದೂ ತಿರುಗಿತು. ತಲೆ ಎತ್ತಿದೆ. ತಮ್ಮ ಹೊಸ ಅಂಗಿ ಹಾಕಿಕೊಂಡು ಅಪ್ಪನ ಜೊತೆ ನಗುತ್ತ ನಿಂತಿದ್ದ. ಆ ನಟ್ಟಿನ ಮೇಲೆ ದಪ್ಪಗೆ ಕುಂಕುಮ ಒತ್ತಿ, ಒಂದು ಚೆಂಡುಹೂವು ಸಿಗಿಸಿ, ಎದ್ದೆ.

ಯಾಕೆ ಸುಮ್ಮನಿದ್ದೆ? ಅವನೇ ನೋಡಿಕೊಳ್ಳುತ್ತಾನೆ, ಶಾಣ್ಯಾ ಇದ್ದಾನಲ್ಲ ಎಂದುಕೊಂಡೆ. ನಾಳೆ ದಾರಿಯಲ್ಲಿ ಗಾಲಿ ಖಟಖಟ ಅನ್ನಲಿ, ಅಪ್ಪನ ಮುಂದೆ ಇವನ ಮುಖ ಸಣ್ಣದಾಗಲಿ, ಆಮೇಲೆ ನಾನು ಹಿಂದಿನಿಂದ ಬಂದು ಬಿಗಿ ಮಾಡಿ ಕೊಡುತ್ತೇನೆ ಎಂದೂ ಅಂದುಕೊಂಡೆ. ಗಾಲಿ ಕಳಚುತ್ತದೆ ಎಂದು ಯೋಚಿಸಲಿಲ್ಲ ಎಂದು ಬರೆದರೆ ಅದು ಪೂರ್ತಿ ನಿಜವಲ್ಲ. ಆ ಯೋಚನೆ ಬಾಗಿಲಿಗೆ ಬಂದಿತ್ತು, ನಾನು ಒಳಗೆ ಕರೆಯಲಿಲ್ಲ.

ಮರುದಿನ ಹೊರಡುವಾಗ ಇನ್ನೊಂದು ಅವಕಾಶ ತಾನಾಗಿಯೇ ಬಂತು. ಪಾನಾಗಳು ಇನ್ನೂ ಹೂವಿನಡಿ ಮಲಗಿದ್ದವು. ಅಪ್ಪ ಟೋಪಿ ಹಾಕಿಕೊಂಡು ಕಾರಿನಲ್ಲಿ ಕೂತಿದ್ದ. ತಮ್ಮ ನನ್ನ ಹತ್ತಿರ ಬಂದ.

"ಅಣ್ಣಾ, ಒಮ್ಮಿ ಕಣ್ಣಾಡಸು. ಎಲ್ಲಾ ಛಲೋ ಐತಿಲ್ಲ?"

"ನನಗೇನ ತಿಳಿತೈತೋ ನಿಮ್ಮಂಥಾ ಶಾಣ್ಯಾರ ಗಾಡಿ! ನಾ ಮೂರು ಗಾಲಿಯಾಂವ."

ಅವನು ನಕ್ಕ. ನಾನು ತಮಾಷೆ ಮಾಡಿದೆ ಎಂದುಕೊಂಡ.

ಅವರು ಹೋದ ಸ್ವಲ್ಪ ಹೊತ್ತಿಗೆ ನನಗೆ ಹೆದರಿಕೆ ಹತ್ತಿತು. ಅವ್ವ, ಹೆಂಡತಿ, ಮಗಳನ್ನು ಟಂಟಂನಲ್ಲಿ ಕೂರಿಸಿಕೊಂಡು ಹಿಂದೆಯೇ ಹೊರಟೆ. ಫೋನು ಹಚ್ಚಿದೆ, ತಮ್ಮ ಎತ್ತಲಿಲ್ಲ. ಅಥಣಿ ರಸ್ತೆಯ ಹೊಸ ಮನೆಗಳು ಮುಗಿದು ಹೊಲ ಶುರುವಾಗುವಲ್ಲಿ ಮಂದಿ ಕೂಡಿದ್ದು ಕಂಡಿತು. ಕಾರು ಮೂಗನ್ನು ಡಾಂಬರಿಗೆ ಊರಿ ನಿಂತಿತ್ತು. ಗಾಲಿ ತೊಗರಿ ಹೊಲದೊಳಗೆ ಹೋಗಿ ಬಿದ್ದಿತ್ತು. ಅಪ್ಪ ರಸ್ತೆಯ ಬದಿ ಕಲ್ಲಿನ ಮೇಲೆ ಕೂತು ಹಣೆಗೆ ಟವೆಲು ಒತ್ತಿಕೊಂಡಿದ್ದ, ಟವೆಲು ಕೆಂಪಾಗಿತ್ತು. ತಮ್ಮನ ಬಲಗೈ ಮಣಿಕಟ್ಟಿನಲ್ಲಿ ಜೋತುಬಿದ್ದಿತ್ತು. ಅದರ ಕಡೆ ಅವನಿಗೆ ಲಕ್ಷ್ಯವೇ ಇರಲಿಲ್ಲ.

"ಬಿಗಿ ಮಾಡೂದ ಮರತೆ ಅಣ್ಣಾ. ಯಪ್ಪನ್ನ ಕೊಲ್ಲತಿದ್ನಿ ನಾ" ಎಂದು ಹುಡುಗನಂತೆ ಅತ್ತ.

ನಾನು ಅವನ ಹೆಗಲ ಮೇಲೆ ಕೈ ಹಾಕಿ, "ಇರಲಿ ಬಿಡೋ, ಮನಷ್ಯಾ ಮರೀತಾನ" ಎಂದೆ. ಸುಮ್ಮನಿದ್ದದ್ದಕ್ಕಿಂತ ಇದು ಹೆಚ್ಚಿನ ಪಾಪ. ಅವನನ್ನು ನಾನು ಕ್ಷಮಿಸಿಬಿಟ್ಟೆ, ಸುತ್ತಲಿನ ಮಂದಿಯ ಎದುರಿಗೆ. ಅಪ್ಪನನ್ನು ಎತ್ತಿ ಟಂಟಂನಲ್ಲಿ ಮಲಗಿಸಿ, ತಮ್ಮನನ್ನೂ ಕೂರಿಸಿಕೊಂಡು ದವಾಖಾನೆಗೆ ತಂದೆ. ಹಣೆಗೆ ಹೊಲಿಗೆ ಹಾಕಿಸಿಕೊಂಡು ಬಂದ ಅಪ್ಪ ನನ್ನ ಕೈ ಹಿಡಿದು, "ನಿನ್ನ ಗಾಡಿನ ಛಲೋ ನೋಡಪಾ, ಎಂದೂ ಕೈ ಕೊಟ್ಟಿಲ್ಲ" ಎಂದ. ಎಷ್ಟೋ ವರ್ಷ ಆ ಮಾತಿಗಾಗಿ ಕಾದಿದ್ದೆ. ನಾಚಿಕೆ ಬಿಟ್ಟು ಬರೆಯುತ್ತೇನೆ: ಆ ಗಳಿಗೆಯಲ್ಲೂ ಅದು ನನಗೆ ಸಿಹಿಯಾಗಿತ್ತು.

ಕಾರನ್ನು ಟ್ರೇಲರಿನಲ್ಲಿ ಹೇರಿ ತಂದು, ಕಳಚಿದ ಗಾಲಿ ತೊಡಿಸಿ ಶೆಡ್ಡಿಗೆ ನೂಕಿದ್ದೆವು. ಕೈಯ ಪಟ್ಟಿ ಬಿಚ್ಚಿದ ಮೇಲೂ ತಮ್ಮ ಅದನ್ನು ಮುಟ್ಟಲಿಲ್ಲ. ಓಣಿಯ ಹುಡುಗರನ್ನು ಕರೆದು ಅದನ್ನು ಶೆಡ್ಡಿನಿಂದ ರಸ್ತೆಗೆ ನೂಕಿಸಿದ, ತಾಡಪತ್ರಿ ಹೊದಿಸಿದ. "ನಿನ್ನ ಗಾಡಿ ನೆರಳಿಗೆ ಹಚ್ಚಣ್ಣಾ" ಎಂದ. ಹಚ್ಚಿದೆ.

ಅಂಗಡಿಯಲ್ಲೂ ಅವನ ಕೈ ಹಿಂಜರಿಯತೊಡಗಿತು. ಒಂದು ಸಂತೆಯ ದಿನ ಅವನನ್ನು ಕರೆದುಕೊಂಡು ಬರಲು ಬಬಲೇಶ್ವರದ ಅಂಗಡಿಗೆ ಹೋದಾಗ ಕಣ್ಣಾರೆ ಕಂಡೆ. ಮೋಟಾರು ಕಟ್ಟಿ ಮುಗಿಸಿದ್ದ, ಮತ್ತೆ ಬಿಚ್ಚುತ್ತಿದ್ದ. ಕಾದು ಬೇಸತ್ತ ರೈತನೊಬ್ಬ ಬೀಡಿ ಎಸೆದು, "ಎಷ್ಟ ಸಲ ನೋಡ್ತಿ ಮಾರಾಯಾ? ಮೋಟಾರ್ ಐತಿ ಅದು, ಹೆಣ್ಣ ನೋಡಾಕ ಬಂದಿಯೇನ?" ಎಂದ. ಸುತ್ತಲಿನವರು ನಕ್ಕರು. ತಮ್ಮ ನಗಲಿಲ್ಲ. ಅವನ ಬೆರಳು ಒಂದೇ ಬೋಲ್ಟನ್ನು ಮತ್ತೆ ಮತ್ತೆ ಮುಟ್ಟುತ್ತಿತ್ತು.

ಮರಳುವಾಗ ಟಂಟಂ ತುಂಬಿತ್ತು. ಹಿಂದೆ ಸಂತೆಯ ಹೆಂಗಸರು, ಚೀಲ, ಬುಟ್ಟಿ. ತಮ್ಮ ನನ್ನ ಪಕ್ಕದಲ್ಲಿ ಒತ್ತಿಕೊಂಡು ಕೂತಿದ್ದ. ಊರು ದಾಟಿದ ಮೇಲೆ ರಸ್ತೆ ನೋಡುತ್ತಲೇ ಹೇಳಿದ:

"ನಾಳೆ ಗುಜರಿಯಾಂವ ಬರ್ತಾನಣ್ಣಾ. ಕಾರ್ ಕೊಟ್ಟಬಿಡ್ತೀನಿ."

"ಯಾಕೋ?"

"ಅಂಗಡೀನೂ ಮುಚ್ಚತೀನಿ. ಎಲ್ಲೆರ ವಾಚಮನ್ ಕೆಲಸ ನೋಡು ನನಗ. ನನ್ನ ಕೈ ಮ್ಯಾಲ ನನಗ ನಂಬಿಗಿ ಇಲ್ಲ."

ಅಷ್ಟು ಹೇಳಿ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡ, ಯಾರಿಗೂ ಕಾಣಬಾರದು ಎನ್ನುವಂತೆ. ಗ್ಯಾಸ್ಕೆಟ್ ಹರಿದರೂ ಮತ್ತೆ ಕುಟ್ಟುತ್ತಿದ್ದ ಕೈ ಅವು. ಅವನ ಕಾರಿನ ಮೇಲೆ ನನಗೆ ಹೊಟ್ಟೆಕಿಚ್ಚು ಇದೆ ಎಂದೇ ಇಷ್ಟು ದಿನ ತಿಳಿದಿದ್ದೆ. ಅದು ಆ ಕೈಗಳ ಮೇಲಿತ್ತು. ಈಗ ಅವನ್ನೇ ಅವನು ಬಿಟ್ಟುಕೊಡಲು ಹೊರಟಿದ್ದ.

ಟಂಟಂ ಬದಿಗೆ ತಗೊಂಡು ಎಂಜಿನ್ನು ಬಂದ್ ಮಾಡಿದೆ.

"ಯಾಕಪಾ, ಪಂಚರ್ ಆತೇನ?" ಹಿಂದಿನಿಂದ ಒಬ್ಬ ಮುದುಕಿ ಕೇಳಿದಳು.

"ಇಲ್ಲಬೇ. ತಮ್ಮಗ ಒಂದ ಮಾತ ಹೇಳೂದೈತಿ."

"ಅಣ್ಣತಮ್ಮರ ಮಾತ ಮನ್ಯಾಗ ಆಡ್ಕೋರಿ. ನಮಗ ಹೊತ್ತ ಮುಳಗತೈತಿ."

"ಮನ್ಯಾಗ ಆಡಾಕ ಆಗಲಿಲ್ಲಬೇ, ಅದಕ್ಕ ಇಲ್ಲಿ" ಎಂದೆ. ತಮ್ಮ ನನ್ನ ಮುಖ ನೋಡುತ್ತಿದ್ದ. ಹಿಂದಿನ ಸೀಟಿನವರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ:

"ಕುಂಕುಮ ಹಚ್ಚೂಮುಂದ ನಟ್ ನನ್ನ ಬೆರಳಾಗ ತಿರುಗಿತ್ತೋ. ನನಗ ಗೊತ್ತಿತ್ತು. ಮರದಿನ ನೀ ಬಾಯಿಬಿಟ್ಟ ಕೇಳಿದಾಗೂ ಹೇಳಲಿಲ್ಲ. ನೀ ಮರತಿದ್ದಿ, ನಾ ಮರತಿರಲಿಲ್ಲ. ಹೊಟ್ಟಿಕಿಚ್ಚಿಗೆ ಬಾಯಿ ಮುಚ್ಚಕೊಂಡ ನಿಂತ್ನಿ, ಯಪ್ಪನ್ನೂ ನಿನ್ನೂ ಅದರಾಗ ಕಳಿಸಿದ್ನಿ. ನಿನ್ನ ಕೈಯಾಗ ಏನೂ ಐಬ ಇಲ್ಲ. ತಪ್ಪ ನಂದು. ತಪ್ಪಾತೋ ತಮ್ಮಾ, ನನ್ನ ಕ್ಷಮಾ ಮಾಡು."