ದ್ರಾಕ್ಷಿ ತೂಗಿಸಿದ ಗಣಿತದ ಸರ್

ಬಡಿಗೇರರು ಪೆನ್ಸಿಲ್ ಸಿಕ್ಕಿಸಿಕೊಳ್ಳುವ ಹಾಗೆ ನಮ್ಮ ಗಣಿತದ ಸರ್ ಕಿವಿಯ ಹಿಂದೆ ಸೀಮೆಸುಣ್ಣ ಸಿಕ್ಕಿಸಿಕೊಳ್ಳುತ್ತಿದ್ದರು. ಸಂಜೆ ಹೊತ್ತಿಗೆ ಆ ಕಿವಿಯ ಮೇಲಿನ ಕೂದಲು ಬೆಳ್ಳಗಾಗಿ, ಒಂದು ಬದಿಗೆ ಮಾತ್ರ ಮುದುಕರಾದಂತೆ ಕಾಣುತ್ತಿದ್ದರು. ನೋಡಿದವರಿಗೆ ನಗು ಬರುತ್ತಿತ್ತು. ನನಗೆ ಮಾತ್ರ ಅವರ ಕ್ಲಾಸೆಂದರೆ ಅಂಜಿಕೆ.

ಟಿಕೋಟಾದಿಂದ ಬಸ್ಸಿನಲ್ಲಿ ವಿಜಯಪುರಕ್ಕೆ ಬಂದು ಬಿ.ಎಸ್ಸಿ. ಓದುತ್ತಿದ್ದೆ. ಪಿಯುಸಿ ತನಕ ಗಣಿತ ನನ್ನ ಮಾತು ಕೇಳುತ್ತಿತ್ತು. ಡಿಫರೆನ್ಷಿಯಲ್ ಇಕ್ವೇಷನ್ಸ್ ಬಂದದ್ದೇ ತಡ, ಕೈಕೊಟ್ಟಿತು. ಒಮ್ಮೆ ಫೇಲಾದೆ. ಇನ್ನೊಮ್ಮೆ ಆದರೆ ಡಿಗ್ರಿ ಮುಗಿಯದು, ಬಿ.ಇಡಿ. ಸೇರುವ ಆಸೆಯನ್ನೂ ಬಿಡಬೇಕು.

ಅದಕ್ಕೇ ಗೈಡಿನ ಲೆಕ್ಕಗಳನ್ನೆಲ್ಲ ಬಾಯಿಪಾಠ ಮಾಡಿ ಕಾಲೇಜಿನ ಟೆಸ್ಟಿನಲ್ಲಿ ಬರೆದೆ. ಮರುದಿನ ಸರ್ ಸ್ಟಾಫ್‌ರೂಮಿಗೆ ಕರೆಸಿ ನನ್ನ ಉತ್ತರಪತ್ರಿಕೆ ಮುಂದಿಟ್ಟರು. ಉತ್ತರದ ನಡುವೆ ನಾನು ದುಂಡಗೆ ‘ಪುಟ ೪೭ರ ಚಿತ್ರ ನೋಡಿ’ ಎಂದೂ ಬರೆದಿದ್ದೆ.

“ನೋಡೂಣಂತ, ಎಲ್ಲೈತಿ ತಂಗಿ ಚಿತ್ರ?”

ನಾಚಿಕೆಗೆ ಅಳುವೇ ಬಂತು. ಸರ್ ಬೈಯಲಿಲ್ಲ. “ಮನ್ಯಾಗ ಏನ್ ಮಾಡ್ತಾರ?” ಎಂದರು.

“ಮಣೂಕದ ಶೆಡ್ ಐತ್ರಿ ಸರ್. ದ್ರಾಕ್ಷಿ ಒಣಗಸ್ತೀವ್ರಿ.”

“ಹಂಗಾರ ಒಂದು ತಾಟು ಹಸಿ ದ್ರಾಕ್ಷಿ ಬ್ಯಾರೆ ಇಡು. ದಿನಾ ಮುಂಜಾನಿ ತೂಗಿ ಬರಕೊಂಡು ಬಾ. ಗೈಡ್ ಮುಟ್ಟಬ್ಯಾಡ.”

ಪರೀಕ್ಷೆ ಒಂದು ತಿಂಗಳಿರುವಾಗ ಗೈಡ್ ಮುಟ್ಟಬೇಡ ಎಂದರೆ ಜೀವ ಹೇಗೆ ನಿಲ್ಲಬೇಕು? ಆದರೂ ತೂಗಿದೆ. ಅವ್ವ, “ಇದ್ಯಾವ ಗಣಿತನ ಯವ್ವಾ!” ಎಂದು ನಕ್ಕಳು. ಮೊದಮೊದಲು ತೂಕ ಸರ್ರನೆ ಇಳಿಯಿತು. ಆಮೇಲೆ ಇಳಿಯಲೋ ಬೇಡವೋ ಎನ್ನುವಂತಾಯಿತು. ಅಂಕಿಗಳನ್ನು ನೋಡಿ ಸರ್, “ಯಾಕ ಹಿಂಗ?” ಎಂದರು.

“ಒಳಗ ನೀರು ಕಡಿಮಿ ಆದಂಗ ಆರೂದೂ ಸಾವಕಾಶ ಆಗತೈತ್ರಿ.”

“ಇದನ್ನ ಗಣಿತದಾಗ ಬರಿ, ಅದ ನಿನ್ನ ಡಿಫರೆನ್ಷಿಯಲ್ ಇಕ್ವೇಷನ್. ಮೊದಲ ಏನು ಬದಲಾಗಾಕತ್ತೈತಿ ನೋಡು, ಆಮ್ಯಾಲ ಪೆನ್ನು ಹಿಡಿ.”

ಪರೀಕ್ಷೆಯಲ್ಲಿ ಗೈಡಿನಲ್ಲಿರದ ಲೆಕ್ಕವೇ ಬಂತು, ಸೋರುವ ನೀರಿನ ಟಾಕಿಯದು. ಅಕ್ಕಪಕ್ಕದವರು ಪುಟ ತಿರುಗಿಸುತ್ತಿದ್ದರೂ ನಾನು ಹತ್ತು ನಿಮಿಷ ಸುಮ್ಮನೆ ಕೂತು ಟಾಕಿಯಲ್ಲಿ ಏನಾಗುತ್ತಿದೆ ಎಂದು ಯೋಚಿಸಿದೆ. ಆಮೇಲೆ ಬರೆದೆ. ಸರಿಯಾಯಿತೋ ಇಲ್ಲವೋ ತಿಳಿಯದೆ ಎರಡು ತಿಂಗಳು ಒದ್ದಾಡಿದೆ.

ಅಷ್ಟರಲ್ಲಿ ಸರ್ ಎದೆನೋವೆಂದು ಆಸ್ಪತ್ರೆ ಸೇರಿದವರು ವಾರದೊಳಗೆ ತೀರಿಕೊಂಡರು.

ಪಾಸಾದದ್ದು ಮೊಬೈಲಿನಲ್ಲಿ ಕಂಡ ದಿನವೇ ಸಿದ್ಧೇಶ್ವರ ಗುಡಿಯ ಹತ್ತಿರದ ಅವರ ಮನೆಗೆ ಹೋದೆ. ಟಿಕೋಟಾದಿಂದ ಬಂದಿದ್ದೇನೆ ಎನ್ನುತ್ತಲೇ ಅವರ ಹೆಂಡತಿ ನನ್ನನ್ನು ದಿಟ್ಟಿಸಿದರು.

“ದ್ರಾಕ್ಷಿ ತೂಗಾಕಿ ನೀನ ಏನು? ದವಾಖಾನ್ಯಾಗೂ ಅದನ್ನ ಕೇಳತಿದ್ರು, ಆ ಹುಡಿಗಿ ರಿಸಲ್ಟ್ ಬಂತೇನು ಅಂತ. ಗೈಡ್ ಬಿಡಿಸಿ ತಪ್ಪು ಮಾಡಿದ್ನೇನೋ ಅಂತ ಒಂದ ಸವನ ಚಿಂತಿ ಮಾಡಿದ್ರು.”

ಅಂಜಿಕೆ ನನ್ನೊಬ್ಬಳದೇ ಎಂದುಕೊಂಡಿದ್ದೆ. ಪಾಸಾದದ್ದು ಕಾಣುವ ಹಾಗೆ ಮೊಬೈಲನ್ನು ಅವರ ಮುಂದೆ ಹಿಡಿದೆ.