ಕಣ್ಣಮ್ಮನ ತಾಯಿ ತಟ್ಟಿದ ಮಾಳಿಗೆ

ಇವತ್ತು ಬೆಳಿಗ್ಗೆ ಅಡುಗೆಮನೆಯಿಂದ ಬೆಲ್ಲ ಕರಗುವ ವಾಸನೆ ಬಂತು. ಸಭ್ಯ ಗೃಹಸ್ಥನಿಗೆ ಇಂಥ ಹೊತ್ತಿನಲ್ಲಿ ಹೋಳಿಗೆ ನೆನಪಾಗಬೇಕು. ನನಗೆ ಗಾರೆ ನೆನಪಾಯಿತು. ಬಾಯಿಬಿಟ್ಟು ಹೇಳಿಯೂಬಿಟ್ಟೆ.

"ಗಾರೆ ಅಂತೆ! ಇರಿ, ಊಟಕ್ಕೆ ಕೂತಾಗ ಎಲೆ ಪಕ್ಕ ಕರಣೆ ಇಡ್ತೀನಿ," ಎಂದಳು ಹೆಂಡತಿ.

ಎರಡು ವರ್ಷದ ಹಿಂದೆ ಸರ್ವಜ್ಞನಗರದ ನಮ್ಮ ಬೀದಿಗೆ ಜರ್ಮನಿಯಿಂದ ಎಂಟು ಜನ ಹುಡುಗ ಹುಡುಗಿಯರು ಬಂದಿಳಿದರು. ಬೀದಿಯ ಕೊನೆಯ ಪಾಳುಬಿದ್ದ ಹಾಲ್ ಕಟ್ಟಡವನ್ನು ದುರಸ್ತಿ ಮಾಡಿ ಇಲ್ಲಿನ ಯುವಕರಿಗೆ ಓದಲು, ಆಡಲು ಒಂದು ಕೇಂದ್ರ ಮಾಡುತ್ತಾರಂತೆ. ಸಂಬಳವಿಲ್ಲ. ಬಲ್ಬು ಬದಲಿಸಲಿಕ್ಕೂ ಎಲೆಕ್ಟ್ರಿಷಿಯನ್ನನ್ನು ಕರೆಯುವ ಬೀದಿ ನಮ್ಮದು. ಪರರ ಊರಿನ ಗೋಡೆ ಕೆರೆಯಲು ಸಮುದ್ರ ದಾಟಿ ಬಂದವರನ್ನು ನಾವೆಲ್ಲ ಕಾಂಪೌಂಡಿನ ಮೇಲಿಂದ ಅನುಮಾನದಿಂದ ನೋಡಿದೆವು.

ಹಾಲಿನ ಒಡೆಯರಾದ ಟ್ರಸ್ಟಿನವರದು ಒಂದೇ ಷರತ್ತು. ಮಾಳಿಗೆಯ ಮೇಲೆ ಮೂರು ದಿನ ನೀರು ನಿಲ್ಲಿಸಬೇಕು. ಒಂದು ಹನಿ ಕೆಳಗೆ ಬಿದ್ದರೂ ಕಟ್ಟಡ ಕೆಡವಿ ಫ್ಲ್ಯಾಟು. ಈ ಷರತ್ತಿಗೆ ಕಾರಣ ನಾನು. ವಿಮಾ ಕಂಪನಿಯಲ್ಲಿ ಸರ್ವೇಯರ್ ಆಗಿದ್ದು ನಿವೃತ್ತನಾದ ಮೇಲೆ, ಬೇಡಿದವರಿಗೆಲ್ಲ ಹಳೆಯ ಕಟ್ಟಡಗಳ ಬಗ್ಗೆ ಅಭಿಪ್ರಾಯ ಬರೆದುಕೊಡುವುದು ನನ್ನ ಸಮಾಜಸೇವೆಯಾಗಿತ್ತು. ಈ ಹಾಲಿಗೂ "ಮಾಳಿಗೆ ಶಿಥಿಲ" ಎಂದು ಗಂಭೀರವಾಗಿ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೆ.

ಅವರು ಸಿಮೆಂಟು ಚೀಲ ಹೊತ್ತು ಏಣಿ ಹತ್ತುತ್ತಿದ್ದ ದಿನ, ಗೇಟಿನ ಪಕ್ಕ ಸೊಪ್ಪು ಮಾರುವ ಕಣ್ಣಮ್ಮ ಎದ್ದು ಬಂದಳು. ಎಪ್ಪತ್ತು ದಾಟಿದ ಹಲಸೂರಿನ ತಮಿಳು ಹೆಂಗಸು; ಮುದ್ದು ಬಂದರೆ ಯಾರಾದರೂ ಅವಳಿಗೆ 'ಕಣ್ಣು'.

"ಐಯೋ ಕಣ್ಣೂ, ಸಿಮೆಂಟ್ ಬೇಡಮ್ಮಾ!" ಎಂದು ಅವರ ಗುಂಪಿನ ಮುಂದಾಳು ಲೇನಾಳ ಕೈ ಹಿಡಿದಳು. "ಅದು ಸುಣ್ಣದ ಮಾಳಿಗೆ. ಉಸಿರು ಕಟ್ಟಿ ಸತ್ತೋಗುತ್ತೆ." ಆಮೇಲೆ ನನ್ನ ಕಡೆ ತಿರುಗಿದಳು. "ಬಿದ್ದೋಗುತ್ತೆ ಅಂತ ಬರ್ಕೊಟ್ಟಿದ್ದು ನೀವೇ ತಾನೆ ಸಾರ್? ಮೇಲೆ ಹತ್ತಿದ್ರಾ?"

"ಗೇಟಿಂದಾನೇ ಕಾಣುತ್ತಲ್ಲಮ್ಮ, ಅರಳಿ ಗಿಡ ಬೆಳ್ದಿದೆ."

"ಗೇಟಿಂದ ನನ್ ತಲೇಲಿ ಬಿಳೀ ಕೂದ್ಲೂ ಕಾಣುತ್ತೆ. ನಾನ್ ಬಿದ್ದೋದ್ನಾ? ಇದು ನಮ್ಮಮ್ಮ ತಟ್ಟಿದ ಮಾಳಿಗೆ ಸಾರ್. ಬೀಳಲ್ಲ. ಬೀಳೋಕೆ ನಾನು ಬಿಡಲ್ಲ."

ಸಿಮೆಂಟು ಕೆಳಗಿಳಿಯಿತು. ತಾಯಿಯ ಜೊತೆ ಕೂತು ತಟ್ಟಿ ಕಲಿತವಳು ಕಣ್ಣಮ್ಮ; ತೊಲೆಗಳನ್ನೂ ಅವುಗಳ ಮೇಲಿನ ಇಟ್ಟಿಗೆಯನ್ನೂ ಹಾಗೇ ಬಿಟ್ಟು, ಕೊಳೆತ ಮೇಲ್ಪದರವನ್ನಷ್ಟೇ ತೆಗೆಸಿದಳು. ಇಟ್ಟಿಗೆ ಚೂರಿಗೆ ಸುಣ್ಣ ಕಲಸಿ ಹರಡಿಸಿದಳು. ಬೆಲ್ಲ, ಅಳಲೆಕಾಯಿ ನೆನೆಸಿದ ನೀರು ಚಿಮುಕಿಸುತ್ತ, ಸಾಲಾಗಿ ಕುಕ್ಕರುಗಾಲಲ್ಲಿ ಕೂತು ಮರದ ಹಲಗೆಗಳಿಂದ ತಟ್ಟಬೇಕು. ಒಂದು ಗಂಟೆಯಲ್ಲ, ನಾಲ್ಕು ದಿನ. ಲೇನಾ ಮೊದಲ ದಿನ ಬಟ್ಟೆ ಒಗೆಯುವಂತೆ ಬಡಿದಳು. "ಹೊಡೀಬೇಡ ಕಣ್ಣೂ. ಮಗೂನ ಮಲಗಿಸ್ತಾರಲ್ಲ, ಹಂಗೆ ತಟ್ಟು." ನಾನು ಇಂಗ್ಲಿಷಿಗೆ ಅನುವಾದಿಸಲು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಲೇನಾಳ ಕೈ ಆಗಲೇ ಮೆದುವಾಗಿತ್ತು. ನನ್ನ ಭಾಷಾಪಾಂಡಿತ್ಯ ಅಲ್ಲಿಗೆ ನಿರುದ್ಯೋಗಿಯಾಯಿತು.

ಎರಡನೆಯ ದಿನ ಬೀದಿಯ ಕಾಲೇಜು ಹುಡುಗಿಯರು ಏಣಿ ಹತ್ತಿದರು. ಮೂರನೆಯ ದಿನ, ಕೇವಲ ವೀಕ್ಷಕನಾಗಿ ಮೇಲೆ ಹೋದ ನನ್ನ ಕೈಗೂ ಯಾರೋ ಹಲಗೆ ತುರುಕಿದರು. ಮಂಡಿಗಳ ಪ್ರತಿಭಟನೆಯನ್ನು ಇಲ್ಲಿ ವಿಸ್ತರಿಸುವುದಿಲ್ಲ. ಆದರೆ ಆ ಸದ್ದು! ಮೊದಲು ಹಸಿ ಮಣ್ಣಿನ ಹಾಗೆ ದಪ್ಪಗೆ ಕೇಳುತ್ತಿದ್ದದ್ದು ನಾಲ್ಕನೆಯ ದಿನ ಗಡಿಗೆಯ ಹಾಗೆ ಖಣಖಣ ಅನ್ನತೊಡಗಿತು. ಹಲಗೆ ತಾನಾಗಿ ಮೇಲಕ್ಕೆ ಪುಟಿಯುತ್ತಿತ್ತು. ಕೆಳಗೆ ಹಾಲಿನಲ್ಲಿ ಕಣ್ಣಮ್ಮ ಕಣ್ಣು ಮುಚ್ಚಿ ಸದ್ದು ಆಲಿಸುತ್ತ ನಿಂತಿದ್ದಳು.

"ಬಾಗಿಲ ಕಡೆ ಮೂಲೆ ಇನ್ನೂ ಹಸಿ. ಯಾರಲ್ಲಿ?"

ನಾನು.

"ಬರೆಯೋ ಕೈ ಅಲ್ವಾ ಸಾರ್, ಪರವಾಗಿಲ್ಲ. ನಾಳೆ ಒಂದಿನ ನೀವೊಬ್ರೇ ತಟ್ಟಿ."

ತಟ್ಟಿದೆ.

ಮಾಳಿಗೆ ಒಣಗಿದ ಮೇಲೆ ಅಂಚು ಕಟ್ಟಿ ನೀರು ನಿಲ್ಲಿಸಿದರು. ಕೆಳಗೆ ನೆಲದ ತುಂಬ ನ್ಯೂಸ್‌ಪೇಪರ್ ಹಾಸಿದರು, ಹನಿ ಬಿದ್ದರೆ ಗುರುತಾಗಲೆಂದು. ಮೂರನೆಯ ಮಧ್ಯಾಹ್ನ ಟ್ರಸ್ಟಿನ ಎಂಜಿನಿಯರ್ ಬಂದರು. ನಾನು ಮಂಡಿಯೂರಿ ನನ್ನ ಮೂಲೆಯ ಪೇಪರುಗಳ ಮೇಲೆ ಅಂಗೈ ಆಡಿಸಿದೆ. ಒಣ. ಒಂದೊಂದೂ ಒಣ. ತಲೆಯೆತ್ತಿದೆ. ಮೇಲೊಂದು ಕೆರೆಯೇ ನಿಂತಿದೆ, ಕೆಳಗೆ ನಾನು ಬೆಚ್ಚಗಿದ್ದೇನೆ. ನಡುವೆ ಇರುವುದು ಸುಣ್ಣ, ಬೆಲ್ಲ ಮತ್ತು ತಟ್ಟಿದ ಕೈಗಳು. ದೇವಸ್ಥಾನದಲ್ಲೂ ನಾನು ಹಾಗೆ ಮೇಲೆ ನೋಡಿದವನಲ್ಲ. ಎಂಜಿನಿಯರ್ ಸಹಿ ಹಾಕಿದರು. ಲೇನಾ ಅಳುತ್ತ ಹೊರಗೆ ಓಡಿದಳು.

ಕಣ್ಣಮ್ಮ ಗೇಟಿನಲ್ಲಿ ಮೆಂತ್ಯದ ಕಟ್ಟುಗಳಿಗೆ ನೀರು ಚಿಮುಕಿಸುತ್ತಿದ್ದಳು.

"ಒಳಗೆ ಬರ್ಲಿಲ್ವಲ್ಲಮ್ಮಾ?" ಎಂದೆ.

"ವ್ಯಾಪಾರದ ಹೊತ್ತು ಸಾರ್. ಹನಿ ಬಿದ್ದಿರಲ್ಲ, ಗೊತ್ತು."

ಅಂದು ಬಸ್ ಸ್ಟಾಪಿನವರೆಗೆ ಅವಳ ಜೊತೆ ನಡೆದೆ. ದಾರಿಯುದ್ದಕ್ಕೂ ಅವಳು ಕೈ ತೋರಿಸುತ್ತ ಬಂದಳು. "ಇಲ್ಲೊಂದು ಅಮ್ಮ ತಟ್ಟಿದ್ದು. ಅಲ್ಲೊಂದು. ಆ ಬೇಕರಿ ಹಿಂದೆ ಎರಡು." ಅವಳು ತೋರಿಸಿದ ಕಡೆಯೆಲ್ಲ ನಾಲ್ಕಂತಸ್ತಿನ ಫ್ಲ್ಯಾಟುಗಳಿದ್ದವು. ದನಿಯಲ್ಲಿ ದುಃಖವಿರಲಿಲ್ಲ, ನೆಂಟರ ಮನೆ ತೋರಿಸುವವರ ಹಾಗೆ ತೋರಿಸುತ್ತಿದ್ದಳು. ಅಲ್ಲಿದ್ದ ಹಳೆಯ ಮನೆಗಳಲ್ಲಿ ಮೂರಕ್ಕೆ "ಶಿಥಿಲ" ಎಂದು ಬರೆದು ಗೆರೆ ಎಳೆದವನು ನಾನು. ಅಂದು ಹೇಳಲಿಲ್ಲ. ಬಸ್ ಬಂತು ಎಂಬುದು ನೆಪ.

ಎರಡು ವರ್ಷ ಅವಳ ಬಳಿ ಸೊಪ್ಪು ಕೊಂಡಿದ್ದೇನೆ, ಚೌಕಾಸಿ ಮಾಡದೆ. ಅದನ್ನೇ ಪ್ರಾಯಶ್ಚಿತ್ತವೆಂದುಕೊಂಡಿದ್ದೆ. ಈಗ ಚಪ್ಪಲಿ ಮೆಟ್ಟಿ ನಿಂತಿದ್ದೇನೆ. ಹಾಲಿನಲ್ಲಿ ಹುಡುಗರು ಟೇಬಲ್ ಟೆನಿಸ್ ಶುರುಮಾಡಿರುತ್ತಾರೆ, ಗೇಟಿನಲ್ಲಿ ಕಣ್ಣಮ್ಮ ಗೋಣಿ ಹಾಸಿರುತ್ತಾಳೆ. ನಾನು ಗೆರೆ ಎಳೆದು ಕೆಡವಿಸಿದ ಆ ಮೂರು ಮನೆ ಯಾವುವೆಂದು ಅವಳಿಗೆ ಹೇಳಿಬಿಡಬೇಕು.

"ಸೊಪ್ಪು ಮನೇಲಿದೆ, ಮತ್ತೆಲ್ಲಿಗೆ ಹೊರಟ್ರಿ?" ಎನ್ನುತ್ತಿದ್ದಾಳೆ ಹೆಂಡತಿ.

"ಬೈಸಿಕೊಂಡು ಬರ್ತೀನಿ," ಎಂದೆ.