ಕಿವಿ ಮೇಸ್ತ್ರಿಗೆ ಕೇಳಿಸದ ಟಿಕ್ ಟಿಕ್

ಮೋಟಾರ್‌ಸೈಕಲ್ ರಿಪೇರಿಯವರು ಆ ಬೀದಿಯಲ್ಲಿ ನಾಲ್ಕು ಜನ ಇದ್ದರು. ಕಿವಿ ಎಂದು ಹೆಸರು ಮಾಡಿದವರು ಒಬ್ಬರೇ. ಓಡುತ್ತಿರುವ ಎಂಜಿನ್ನಿಗೆ ಉದ್ದನೆಯ ಸ್ಕ್ರೂಡ್ರೈವರಿನ ತುದಿ ತಾಗಿಸಿ, ಅದರ ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿ, ಕಣ್ಣು ಮುಚ್ಚಿ, "ಇದು ಚೈನು," "ಇದು ಬೇರಿಂಗು," "ಇದು ಏನೂ ಅಲ್ಲ, ನಿಮ್ಮ ನಂಬರ್ ಪ್ಲೇಟಿನ ನಟ್ಟು ಸಡಿಲ" ಎಂದು ಹೇಳಿಬಿಡುತ್ತಿದ್ದರು. ಹೇಳಿದ್ದು ಸುಳ್ಳಾದದ್ದೇ ಇಲ್ಲ. ಹೀಗಾಗಿ ಅಪ್ಪ ಅಮ್ಮ ಇಟ್ಟ ಹೆಸರು ಕಾಗದಪತ್ರಗಳಲ್ಲಿ ಉಳಿದು, ಊರಿಗೆಲ್ಲ ಅವರು ಕಿವಿ ಮೇಸ್ತ್ರಿಯಾದರು. ವಯಸ್ಸು ಅರವತ್ತೊಂದು. ಕೆಳಗೆ ಒಂದೇ ಕೋಣೆಯ ವರ್ಕ್‌ಶಾಪು, ಮೇಲೆ ಮನೆ. ಅಡುಗೆಮನೆಯ ಕಿಟಕಿ ವರ್ಕ್‌ಶಾಪಿನ ಬಾಗಿಲಿಗೆ ಸರಿಯಾಗಿ ಮೇಲಿತ್ತು, ಆ ಕಿಟಕಿಯಲ್ಲಿ ಹೆಂಡತಿ ಇರುತ್ತಿದ್ದಳು.

ಹೇಳಲೇಬೇಕಾದ ಒಂದು ಮಾತನ್ನು ಮೊದಲೇ ಹೇಳಿ ಮುಗಿಸೋಣ. ಕಿವಿ ಮೇಸ್ತ್ರಿಗೆ ಎರಡು ವರ್ಷದಿಂದ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ.

ಪೂರ್ತಿ ಕಿವುಡೇನಲ್ಲ. ಲಾರಿಯ ಹಾರ್ನು ಕೇಳುತ್ತಿತ್ತು, ಸುತ್ತಿಗೆಯ ಏಟು ಕೇಳುತ್ತಿತ್ತು. ಎದುರಿಗೆ ನಿಂತವರ ಮಾತು, ತುಟಿ ನೋಡಿಕೊಂಡರೆ, ಮುಕ್ಕಾಲು ಪಾಲು ತಿಳಿಯುತ್ತಿತ್ತು. ಹೋದದ್ದು ಸಣ್ಣ, ತೆಳ್ಳನೆಯ ಶಬ್ದಗಳು. ಎಂಜಿನ್ನಿನ ತಲೆಯಲ್ಲಿ ವಾಲ್ವುಗಳ ಹತ್ತಿರ ಏಳುವ ಟಿಕ್ ಟಿಕ್ ಇದೆಯಲ್ಲ, ಯಾವುದನ್ನು ಹಿಡಿದು ಅವರು ಅಷ್ಟು ಹೆಸರು ಗಳಿಸಿದ್ದರೋ, ಅದೇ ಮೊದಲು ಕೈಕೊಟ್ಟಿತು. ಸ್ಕ್ರೂಡ್ರೈವರನ್ನು ಮೂಳೆಗೆ ಒತ್ತಿದರೆ ಹಲ್ಲು ಜುಮ್ಮೆನ್ನುತ್ತಿತ್ತೇ ಹೊರತು ಮತ್ತೇನೂ ತಿಳಿಯುತ್ತಿರಲಿಲ್ಲ.

ಇದನ್ನು ಅವರು ಯಾರಿಗೂ ಹೇಳಲಿಲ್ಲ. ಕಾರಣ ಅವರ ಅಣ್ಣ. ಅಣ್ಣ ಗಡಿಯಾರ ರಿಪೇರಿಯವರು. ಕಣ್ಣು ಮಂಜಾದದ್ದು ಬಯಲಾದ ವಾರದಲ್ಲೇ ಗಿರಾಕಿಗಳು ಬೇರೆ ಅಂಗಡಿಯ ದಾರಿ ಹಿಡಿದರು, ಮನೆಯವರು ಒಂದು ಕುರ್ಚಿ ಕೊಟ್ಟು ಕೂರಿಸಿದರು. ಈಗ ಬಾಗಿಲಿಗೆ ಬರುವ ಬೆಕ್ಕನ್ನು ಬೈಯುವುದೊಂದೇ ಅವರ ಉದ್ಯೋಗ. ಆ ಕುರ್ಚಿಯನ್ನು ನೆನೆದಾಗಲೆಲ್ಲ ಮೇಸ್ತ್ರಿ ಕೂತಲ್ಲಿಂದ ಎದ್ದು ನಿಂತುಬಿಡುತ್ತಿದ್ದರು.

ಅದಕ್ಕೇ ಒಂದು ಉಪಾಯ ಹೂಡಿದ್ದರು. ಶಬ್ದ ಬರುತ್ತಿದೆ ಎಂದು ಬಂದ ಗಿರಾಕಿಗೆ, "ಮೊದಲು ನೀವು ಬಾಯಲ್ಲಿ ಮಾಡಿ ತೋರಿಸಿ. ಓಡಿಸೋರು ನೀವು, ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತೆ?" ಎನ್ನುತ್ತಿದ್ದರು. ಆಮೇಲೆ ಆ ಬಾಯನ್ನೇ ನೆಟ್ಟ ದೃಷ್ಟಿಯಿಂದ ನೋಡುತ್ತಿದ್ದರು. ನಾಲಗೆ ಅಂಗುಳಕ್ಕೆ ತಗುಲಿದರೆ ವಾಲ್ವು, ಕೆನ್ನೆ ಉಬ್ಬಿದರೆ ಸೈಲೆನ್ಸರು, ತುಟಿ ನಡುಗಿದರೆ ಬೇರಿಂಗು. ಬ್ಯಾಂಕ್ ಮ್ಯಾನೇಜರು ನಡುಬೀದಿಯಲ್ಲಿ ನಿಂತು 'ಗುರ್ರ್' ಎಂದಿದ್ದರು. ಹೈಸ್ಕೂಲಿನ ಹೆಡ್‌ಮಿಸ್ಟ್ರೆಸ್ಸು ಕೈಚೀಲವನ್ನು ಎದೆಗವಚಿಕೊಂಡು 'ಚಟಪಟ' ಎಂದಿದ್ದರು. ಊರಿನವರು ಇದನ್ನು ಪಳಗಿದ ಕೈಯ ಹೊಸ ವಿದ್ಯೆಯೆಂದು ನಂಬಿ, ಬರುವ ಮೊದಲು ಮನೆಯಲ್ಲೇ ಅಭ್ಯಾಸ ಮಾಡಿಕೊಂಡು ಬರತೊಡಗಿದರು.

ಮನೆಯ ವಿಷಯದಲ್ಲಿ ಮೇಸ್ತ್ರಿಗೆ ನೆಮ್ಮದಿಯಿತ್ತು. ಮೂವತ್ತೈದು ವರ್ಷ ಕಿಟಕಿಯಿಂದ ಬಿಡುವಿಲ್ಲದೆ ಮಾತಾಡಿದ ಹೆಂಡತಿ ಈಚೆಗೆ ಸುಮ್ಮನಾಗಿದ್ದಳು. "ವಯಸ್ಸಾಗ್ತಾ ನಮ್ಮವಳು ಬಹಳ ತಣ್ಣಗಾದಳು" ಎಂದು ಪಕ್ಕದ ಪಂಚರ್ ಅಂಗಡಿಯವರ ಹತ್ತಿರ ಹೆಮ್ಮೆಯಿಂದ ಹೇಳಿಕೊಂಡಿದ್ದರು. ಪಂಚರ್ ಅಂಗಡಿಯವರು ಕಿಟಕಿಯನ್ನೊಮ್ಮೆ, ಮೇಸ್ತ್ರಿಯನ್ನೊಮ್ಮೆ ನೋಡಿ, ಟ್ಯೂಬಿಗೆ ಗಾಳಿ ಹೊಡೆಯುವುದನ್ನು ಮುಂದುವರಿಸಿದ್ದರು.

ಹೀಗಿರುವಾಗ ಒಂದು ದಿನ ಗುಮಾಸ್ತರು ಬಂದರು. ಕೋರ್ಟಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಕೂದಲಿಗೆ ಬಣ್ಣ, ಷರಟಿಗೆ ಇಸ್ತ್ರಿ, ಇತ್ತೀಚೆಗೆ ನಗು ಮೊದಲಿಗಿಂತ ಒಂದು ಕೈ ಜಾಸ್ತಿ ಬೆಳ್ಳಗಾಗಿತ್ತು. ಅವರ ಗಾಡಿ ಹಳೆಯ ಕಾಲದ್ದು, ಒಂದೇ ಸಿಲಿಂಡರಿನದು. ಅದನ್ನು ಮೂವತ್ತು ವರ್ಷದಿಂದ ಮೇಸ್ತ್ರಿಯೊಬ್ಬರೇ ಮುಟ್ಟಿದವರು.

"ಮೇಸ್ತ್ರಿ, ವಿಚಿತ್ರ ನೋಡಿ. ನಿಲ್ಲಿಸಿ ಸ್ಟಾರ್ಟ್ ಮಾಡಿದ್ರೆ ಏನೂ ಇಲ್ಲ. ಓಡಿಸೋವಾಗ, ಅದೂ ರಸ್ತೆ ಕೆಟ್ಟಿದ್ರೆ, ತಲೆಯೊಳಗೇ ಹೊಡೆದ ಹಾಗೆ ಶಬ್ದ."

"ಬಾಯಲ್ಲಿ ಮಾಡಿ."

ಗುಮಾಸ್ತರು ಬಾಯಿ ಅರೆತೆರೆದು ಟಿಕ್ ಟಿಕ್ ಎಂದರು. ಮೇಸ್ತ್ರಿ ನೋಡಿದರು. ಅನುಮಾನವೇ ಇಲ್ಲ, ಪುಶ್‌ರಾಡು.

ಹಳೆಯ ಎಂಜಿನ್ನುಗಳಲ್ಲಿ ಕೆಳಗಿನಿಂದ ವಾಲ್ವುಗಳವರೆಗೆ ಎರಡು ತೆಳುವಾದ ಸಲಾಕೆಗಳಿರುತ್ತವೆ. ವಾಲ್ವನ್ನು ತಳ್ಳಿ ತೆರೆಯುವುದು ಅವುಗಳ ಕೆಲಸ, ಅವನ್ನೇ ಪುಶ್‌ರಾಡು ಎನ್ನುವುದು. ಸಡಿಲವಾದರೆ ಟಿಕ್ ಟಿಕ್ ಜೋರಾಗುತ್ತದೆ. ಬಿಗಿಯಾದರೆ ಶಬ್ದ ಅಡಗುತ್ತದೆ, ಆದರೆ ವಾಲ್ವು ಪೂರ್ತಿ ಮುಚ್ಚದೆ ಬಿಸಿಗೆ ಸುಟ್ಟುಹೋಗುತ್ತದೆ. ಎಂಜಿನ್ ತಣ್ಣಗಿರುವಾಗ, ಎರಡು ವಾಲ್ವುಗಳೂ ಮುಚ್ಚಿರುವ ಜಾಗಕ್ಕೆ ಪಿಸ್ಟನ್ ತಂದು ನಿಲ್ಲಿಸಿ, ಪಕ್ಕದ ಮುಚ್ಚಳ ಬಿಚ್ಚಿ, ಸಲಾಕೆಯನ್ನು ಎರಡು ಬೆರಳಿನಲ್ಲಿ ಹಿಡಿದು ತಿರುಗಿಸಿ ನೋಡಬೇಕು. ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಅಲ್ಲಾಡಬಾರದು. ಇದಕ್ಕೆ ಕಿವಿ ಬೇಡ, ಬೆರಳು ಸಾಕು. ಮೇಸ್ತ್ರಿಯ ಬೆರಳುಗಳಿಗೆ ಏನೂ ಆಗಿರಲಿಲ್ಲ.

ಮಾರನೆಯ ಬೆಳಿಗ್ಗೆ ಅವರು ಮುಚ್ಚಳ ಬಿಚ್ಚಿ ಎರಡು ಸಲಾಕೆಗಳನ್ನೂ ತಿರುಗಿಸಿ ನೋಡಿದರು. ಎಷ್ಟಿರಬೇಕೋ ಅಷ್ಟೇ ಇತ್ತು. ಬೆರಳು ಸರಿಯಿದೆ ಎಂದಿತು. ಆದರೆ ಗುಮಾಸ್ತರ ಬಾಯಿ ಸರಿಯಿಲ್ಲ ಎಂದಿತ್ತಲ್ಲ! ಕಿವಿಯೇ ಕೈಕೊಟ್ಟ ಮೇಲೆ ಬೆರಳನ್ನು ನಂಬುವುದು ಹೇಗೆ? ಮೇಸ್ತ್ರಿ ಒಂದು ಕೂದಲೆಳೆಯಷ್ಟು ಬಿಗಿ ಮಾಡಿದರು. ಮೇಲೆ ಕಿಟಕಿಯಲ್ಲಿ ಹೆಂಡತಿಯ ಬಾಯಿ ಆಡಿದ್ದು ಕಂಡಿತು. "ಆಯ್ತು, ಊಟಕ್ಕೆ ಬರ್ತೀನಿ" ಎಂದು ಕೈಬೀಸಿದರು. ಆಕೆ ಹಣೆ ಚಚ್ಚಿಕೊಂಡದ್ದನ್ನು ಬೆವರು ಒರೆಸಿಕೊಂಡಳೆಂದು ತಿಳಿದರು.

ನಾಲ್ಕು ದಿನಕ್ಕೆ ಗುಮಾಸ್ತರು ಮತ್ತೆ ಹಾಜರು. ಅದೇ ಬಾಯಿ, ಅದೇ ಟಿಕ್ ಟಿಕ್. ಮೇಸ್ತ್ರಿ ಮತ್ತಷ್ಟು ಬಿಗಿದರು. ಕಿಟಕಿಯಲ್ಲಿ ಮತ್ತೆ ಬಾಯಿ ಆಡಿತು. ಮೇಸ್ತ್ರಿ ಮತ್ತೆ ಊಟಕ್ಕೆ ಒಪ್ಪಿಕೊಂಡರು, ಆಗಿನ್ನೂ ಬೆಳಿಗ್ಗೆ ಹತ್ತು ಗಂಟೆ.

ಮೂರನೆಯ ಸಲ ಗುಮಾಸ್ತರು ಗಾಡಿಯನ್ನು ತಳ್ಳಿಕೊಂಡು ಬಂದರು. ಕೂದಲಿನ ಬಣ್ಣ ಬೆವರಿನ ಜೊತೆ ಕೆನ್ನೆಗೆ ಇಳಿಯುತ್ತಿತ್ತು.

"ನಡುದಾರಿಯಲ್ಲಿ ನಿಂತೇಹೋಯ್ತು ಮೇಸ್ತ್ರಿ! ಟಿಕ್ ಟಿಕ್ ಮಾತ್ರ ಇದೆ, ಗಾಡಿ ಇಲ್ಲ!"

ಮೇಸ್ತ್ರಿ ಕಿಕ್ ತುಳಿದರು. ಪೆಡಲು ಎದುರೊತ್ತದೆ ಸುಮ್ಮನೆ ಕೆಳಗಿಳಿಯಿತು. ವಾಲ್ವು ಮುಚ್ಚುತ್ತಿಲ್ಲ. ಬಿಗಿದದ್ದು ಯಾರೆಂದು ಅವರ ಕಾಲಿಗೇ ಗೊತ್ತಾಯಿತು. ನಲವತ್ತು ವರ್ಷದಲ್ಲಿ ಮಾಡದ ತಪ್ಪನ್ನು ಒಂದು ವಾರದಲ್ಲಿ ಎರಡು ಸಲ ಮಾಡಿದ್ದರು. ಅಣ್ಣನ ಕುರ್ಚಿ ಕಣ್ಣಮುಂದೆ ಬಂತು, ಬೆಕ್ಕಿನ ಸಮೇತ.

"ಬಿಸಿ ಇದೆ. ತಣ್ಣಗಾಗಲಿ" ಎಂದಷ್ಟೇ ಹೇಳಿ ಬೆಂಚು ತೋರಿಸಿದರು.

ಆಗ ಮೆಟ್ಟಿಲಿಳಿದು ಹೆಂಡತಿ ಬಂದಳು. ಕೈಯಲ್ಲಿ ಎರಡು ಲೋಟ ಚಹಾ, ಕಂಕುಳಲ್ಲಿ ಅಡುಗೆಮನೆಯ ಸ್ಟೂಲು. ಸ್ಟೂಲನ್ನು ಗಾಡಿಯ ಪಕ್ಕ ಹಾಕಿ ಕೂತಳು. ಗುಮಾಸ್ತರು ಚಹಾ ಕುಡಿಯುತ್ತಾ ತಮ್ಮ ಕಷ್ಟ ಹೇಳಿಕೊಂಡರು. ಆಕೆ ಕತ್ತು ವಾಲಿಸಿ ಕೇಳಿ, ಗಂಡನ ಮುಖಕ್ಕೆ ನೇರವಾಗಿ ತಿರುಗಿ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು:

"ಎಂಜಿನ್ನು ಆಫ್ ಆಗಿದೆ ಅಲ್ವೇನ್ರೀ? ಆದ್ರೂ ಟಿಕ್ ಟಿಕ್ ಬರ್ತಿದೆ."

ಗುಮಾಸ್ತರ ಲೋಟ ಅರ್ಧದಲ್ಲೇ ನಿಂತಿತು.

"ಗುಮಾಸ್ತರೇ, ತಪ್ಪು ತಿಳೀಬೇಡಿ. ಹಲ್ಲಿನ ಸೆಟ್ಟು ಯಾವಾಗ ಹಾಕಿಸಿದ್ರಿ?"

ಗುಮಾಸ್ತರು ಬೀದಿಯ ಆ ತುದಿ ಈ ತುದಿ ನೋಡಿದರು. ಕೋರ್ಟಿನಲ್ಲಿ ಎಷ್ಟೋ ಜನರ ಮುಖ ಹೀಗಾದದ್ದನ್ನು ನೋಡಿದ್ದ ಅವರಿಗೆ ತಮ್ಮ ಮುಖ ಹೀಗಾದದ್ದು ಇದೇ ಮೊದಲು. "ತಿಂಗಳಾಯ್ತು. ಮನೆಯವಳಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲಮ್ಮ" ಎಂದು ಪಿಸುಗುಟ್ಟಿದರು. ಟಿಕ್, ಎಂದಿತು ಬಾಯಿ. ಸಂಜೆ ಬರುತ್ತೇನೆಂದು ಎದ್ದುಹೋದರು.

ಅಂಗಡಿಯಲ್ಲಿ ಗಂಡಹೆಂಡತಿ ಇಬ್ಬರೇ ಉಳಿದರು. ಮೇಸ್ತ್ರಿ ಸ್ಪ್ಯಾನರನ್ನು ಸುಮ್ಮಸುಮ್ಮನೆ ಒರೆಸಿದರು.

"ನಿನಗೆ ಯಾವಾಗ ಗೊತ್ತಾಯ್ತು?"

"ನಿಮಗೆ ಗೊತ್ತಾಗೋಕೆ ಆರು ತಿಂಗಳು ಮೊದಲೇ. ಆ ಎಂಜಿನ್ನು ಸರಿ ಇದೆ, ಮುಟ್ಟಬೇಡಿ ಅಂತ ಎರಡು ಸಲ ಕಿಟಕಿಯಿಂದ ಕಿರುಚಿದೆ. ಊಟಕ್ಕೆ ಬರ್ತೀನಿ ಅಂದ್ರಿ."

"ನೀನು ಈಚೆಗೆ ಮಾತು ಕಡಿಮೆ ಮಾಡಿದ್ದೀಯ ಅಂದ್ಕೊಂಡಿದ್ದೆ."

"ನಾನಾ?" ಆಕೆಗೆ ನಗು ತಡೆಯಲಾಗಲಿಲ್ಲ. "ಒಂದು ದಿನಾನೂ ರಜ ಹಾಕಿಲ್ಲ ಕಣ್ರೀ."

ಎಂಜಿನ್ ತಣ್ಣಗಾದ ಮೇಲೆ ಮೇಸ್ತ್ರಿ ಮುಚ್ಚಳ ಬಿಚ್ಚಿದರು. ಬಿಗಿ ಸಡಿಲಿಸಿ, ಸಲಾಕೆ ತಿರುಗಿಸಿ, ಈ ಸಲ ಬೆರಳು ಹೇಳಿದಲ್ಲಿಗೆ ನಿಲ್ಲಿಸಿದರು. ಕಿಕ್ ತುಳಿದರೆ ಪೆಡಲು ಪಾದವನ್ನು ಎದುರೊತ್ತಿತು. ಎಂಜಿನ್ ಒಂದೇ ಏಟಿಗೆ ಹತ್ತಿತು. ಪುಣ್ಯಕ್ಕೆ ವಾಲ್ವು ಇನ್ನೂ ಸುಟ್ಟಿರಲಿಲ್ಲ. ಅವರು ಹೆಂಡತಿಯ ಮುಖ ನೋಡಿದರು. ಆಕೆ ಕಣ್ಣು ಮುಚ್ಚಿ ಕೇಳಿ, ತೋರುಬೆರಳಿನಿಂದ ಮೊಣಕಾಲಿನ ಮೇಲೆ ಮೆಲ್ಲಗೆ ತಾಳ ಹಾಕಿದಳು. "ಹಾಂ. ಟಿಕ್ ಟಿಕ್ ಸಣ್ಣಗೆ ಬರ್ತಿದೆ. ಮೂವತ್ತು ವರ್ಷದಿಂದ ಇಷ್ಟೇ ಇದ್ದದ್ದು. ಹೋದ ಸಲ ಪೂರ್ತಿ ಮೌನವಾಗಿತ್ತು, ಅದಕ್ಕೇ ನನಗೆ ಭಯ ಆಗಿದ್ದು."

ಸಂಜೆ ಗುಮಾಸ್ತರು ಬಂದು, ಗೋಡೆಗೆ ಮುಖ ಮಾಡಿ, ಕರ್ಚೀಫಿನಲ್ಲಿ ಏನನ್ನೋ ಸುತ್ತಿ ಜೇಬಿಗಿಳಿಸಿ, ಗಾಡಿಯೇರಿ ಒಂದು ಸುತ್ತು ಹೋಗಿ ಬಂದರು. ಕೆನ್ನೆ ಒಳಕ್ಕೆ ಹೋಗಿದ್ದರೂ ಮುಖ ಅರಳಿತ್ತು. "ಇಲ್ಲ ಮೇಸ್ತ್ರಿ! ಶಬ್ದಾನೇ ಇಲ್ಲ!" ಎಂದರು. ಆಮೇಲೆ ಏನೋ ಹೊಳೆದು ಹುಬ್ಬು ಗಂಟಿಕ್ಕಿದರು. "ಅಲ್ಲಾ, ಅಮ್ಮನಿಗೆ ಕೇಳಿಸಿದ್ದು ನಿಮಗೆ ಯಾಕೆ..."

ಮೇಸ್ತ್ರಿ ಗಾಡಿಯ ಕಡೆಗೆ ಬಗ್ಗಿದರು. ಗುಮಾಸ್ತರು ಅವರ ಕಿವಿ ನೋಡಿದರು, ಸ್ಟೂಲು ನೋಡಿದರು, ಕೊನೆಗೆ ತಮ್ಮ ಜೇಬು ಮುಟ್ಟಿಕೊಂಡರು.

"ಈ ವಿಷಯ ಹೊರಗೆ ಹೋಗಬಾರದು ಮೇಸ್ತ್ರಿ."

"ಯಾವ ವಿಷಯ? ನನಗೇನೂ ಕೇಳಿಸಲಿಲ್ಲ" ಎಂದರು ಮೇಸ್ತ್ರಿ. ಅಷ್ಟು ನಿಜವಾದ ಮಾತನ್ನು ಅವರು ಎರಡು ವರ್ಷದಲ್ಲಿ ಆಡಿರಲಿಲ್ಲ. ಗುಮಾಸ್ತರು ಅವರ ಕೈಹಿಡಿದು ಕುಲುಕಿ ಹೊರಟರು.

ಸ್ಟೂಲನ್ನು ಮೇಲೆ ತೆಗೆದುಕೊಂಡು ಹೋಗಲು ಹೆಂಡತಿ ಎತ್ತಿದಳು. ಮೇಸ್ತ್ರಿ ಅದನ್ನು ಕಸಿದುಕೊಂಡು, ತಮ್ಮ ಎಡಗಡೆಗೆ, ಸ್ವಲ್ಪವಾದರೂ ಕೇಳುವ ಕಿವಿಯ ಕಡೆಗೆ ಹಾಕಿದರು. "ಇದು ಇನ್ಮೇಲೆ ಇಲ್ಲೇ ಇರಲಿ. ಕೂತ್ಕೋ. ಎರಡು ವರ್ಷದಿಂದ ಏನೇನು ಹೇಳಿದೆ?"

"ಅಷ್ಟನ್ನೂ ಮತ್ತೆ ಹೇಳಬೇಕಾ?"

"ಮೊದಲಿಂದ ಹೇಳು."

ಆಕೆ ಸೆರಗು ಸರಿಮಾಡಿಕೊಂಡು ಶುರುಮಾಡಿದಳು. ಮೇಸ್ತ್ರಿ ಗ್ರೀಸು ಕೈಯಲ್ಲಿ ಟವೆಲ್ಲು ಮುಟ್ಟಿದ್ದು, ನಲ್ಲಿ ಸೋರುತ್ತಿದೆ ಎಂದರೆ ನಕ್ಕಿದ್ದು, ಅವಳ ತಂಗಿ ಬಂದಾಗ 'ಯಾವಾಗ ಹೊರಡ್ತೀರಿ' ಎಂದು ಕೇಳಿದ್ದು. ಮೇಸ್ತ್ರಿ ಆಕೆಯ ತುಟಿಯಿಂದ ಕಣ್ಣು ಕೀಳದೆ ಎಲ್ಲಕ್ಕೂ ತಲೆದೂಗಿದರು. ಗಂಟೆ ಕಳೆದರೂ ಮೊದಲ ವರ್ಷವೇ ಮುಗಿದಿರಲಿಲ್ಲ.

"ಆಮೇಲೆ ಒಂದು ದಿನ ನನಗೆ ಜ್ವರ ಬಂದಿತ್ತು. ಏಳೋಕಾಗ್ತಿಲ್ಲ, ಒಂದು ಲೋಟ ನೀರು ಕೊಡ್ರೀ ಅಂದೆ. ನೀವು ಆಯ್ತು ಅಂತ ತಲೆಯಾಡಿಸಿ ಕೆಳಗೆ ಇಳಿದು ಹೋದ್ರಿ." ಆಕೆ ಮುಂದಿನ ದೂರಿಗೆ ಹೋಗುವುದರಲ್ಲಿದ್ದಳು.

ಮೇಸ್ತ್ರಿ ಎದ್ದರು. ಮೆಟ್ಟಿಲು ಹತ್ತಿ ಮೇಲೆ ಹೋಗಿ, ಗ್ರೀಸು ಹೋಗುವ ತನಕ ಸೋಪು ಹಚ್ಚಿ ಕೈ ತೊಳೆದು, ಒಂದು ಲೋಟ ನೀರು ತಂದು ಆಕೆಯ ಕೈಗಿಟ್ಟರು.

"ಈಗ ಬಾಯಾರಿಕೆ ಇಲ್ಲ ಕಣ್ರೀ" ಎಂದು ಹೇಳಿ, ಆಕೆ ಲೋಟ ಖಾಲಿಯಾಗುವ ತನಕ ಕುಡಿದಳು.